ಮೂಲೆಮನೆಯ ಬರ್ನಡೀನ್

ಪೋರ್ಟ್ ಹ್ಯಾನ್ಲಿಯಲ್ಲಿ ಮೇಯರ್ ಆಗಬೇಕೆಂದು ಹೊರಟವರು ಯಾವ ಪಕ್ಷದವರೇ ಇರಲಿ, ಬರ್ನಡೀನ್ ಹ್ರುಸ್ಕಾಳ ಅಡುಗೆಮನೆಯ ಮೇಜಿನ ಮುಂದೆ ಒಮ್ಮೆ ಕೂತೇ ಮುಂದೆ ಹೋಗಬೇಕಿತ್ತು. ಅವಳೇನು ದುಡ್ಡಿದ್ದವಳಲ್ಲ, ಮುಖಂಡಳೂ ಅಲ್ಲ. ಗಾರ್ಡನ್ ಅವೆನ್ಯೂ ಶಾಲೆಯ ಊಟದ ಕೋಣೆಯಲ್ಲಿ ತಲೆಗೆ ಬಲೆಟೋಪಿ ಸಿಕ್ಕಿಸಿಕೊಂಡು ಮಕ್ಕಳ ತಟ್ಟೆಗೆ ಹಿಸುಕಿದ ಆಲೂಗಡ್ಡೆ ಬಡಿಸುತ್ತಿದ್ದವಳು. ಅವಳ ಬೆಲೆಯೆಲ್ಲ ಇದ್ದದ್ದು ಅವಳ ಮನೆ ನಿಂತ ಜಾಗದಲ್ಲಿ.

ಉಕ್ಕಿನ ಕಾರ್ಖಾನೆಗೆ ಹೋಗುವ ರಸ್ತೆ, ಆಸ್ಪತ್ರೆಯ ರಸ್ತೆ, ಸರೋವರದ ಸೇತುವೆಗೆ ಇಳಿಯುವ ರಸ್ತೆ, ಪೇಟೆಯ ರಸ್ತೆ, ಶಾಲೆಯ ರಸ್ತೆ, ಐದೂ ಬಂದು ಅವಳ ಮನೆಯ ಮುಂದೆ ಕೂಡುತ್ತಿದ್ದವು. ಯಾವ ಕಡೆಯಿಂದ ಬಂದ ಕಾರಾದರೂ ಅಲ್ಲಿ ನಿಂತು, ಮುಂದೆ ಯಾರು ಹೋಗಬೇಕೆಂದು ಉಳಿದವರ ಮುಖ ನೋಡಿ, ಆಮೇಲೆ ಹೊರಡಬೇಕು. ನಿಂತಷ್ಟು ಹೊತ್ತು ಕಣ್ಣು ಹೋಗುವುದು ಹ್ರುಸ್ಕಾ ದಂಪತಿಯ ಮನೆಯ ಮುಂದಿನ ಹುಲ್ಲುಹಾಸಿನ ಮೇಲೆ. ಅಲ್ಲಿ ಅಭ್ಯರ್ಥಿಯ ಹೆಸರಿನ ಒಂದು ಬೋರ್ಡು ನೆಟ್ಟರೆ ಇಡೀ ಊರು ಓದಿದ ಹಾಗೆ. ಆ ಮೂಲೆ ಯಾರ ಪಾಲಿಗೋ ಊರೂ ಅವರ ಪಾಲಿಗೆ ಎಂದು ಯಾರೋ ಒಮ್ಮೆ ಅಂದದ್ದು ಹಾಗೇ ಉಳಿದುಕೊಂಡಿತ್ತು. ಮೂಲೆಯಲ್ಲಿ ಬೋರ್ಡು ನಿಂತೂ ಸೋತವರು ಇದ್ದರು. ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಮನೆ ಕೊಂಡದ್ದು ಮದುವೆಯಾದ ನಾಲ್ಕನೇ ವರ್ಷ. ಗಂಡ ಸ್ಟಾನ್ ಕೊಳವೆ ಕಾರ್ಖಾನೆಯಲ್ಲಿ ಕುಲುಮೆಯ ಹತ್ತಿರ ಕೆಲಸ ಮಾಡುತ್ತಿದ್ದ. ಮಾತು ಕಡಿಮೆ. ರಾಜಕೀಯ ಅಂದರೆ ಟೀವಿಯ ಚಾನಲ್ ಬದಲಾಯಿಸುವವನು. ಅವನಿಗೆ ಬೇಕಾಗಿದ್ದದ್ದು ಆ ಹುಲ್ಲು. ಹಗಲೆಲ್ಲ ಕೆಂಡದ ಮುಂದೆ ನಿಂತು ಬಂದವನು ಸಂಜೆ ಬರಿಗಾಲಲ್ಲಿ ಹುಲ್ಲಿನ ಮೇಲೆ ನಿಂತುಕೊಂಡು ಒಂದು ಬಿಯರ್ ಮುಗಿಸುತ್ತಿದ್ದ. ಶನಿವಾರ ಶನಿವಾರ ಯಂತ್ರ ತಳ್ಳಿಕೊಂಡು ಓರೆಯಾಗಿ ಕತ್ತರಿಸುತ್ತಿದ್ದ, ಹುಲ್ಲಿನ ಮೇಲೆ ಪಟ್ಟೆಸೀರೆಯ ಹಾಗೆ ಗೆರೆ ಮೂಡುತ್ತಿತ್ತು. ಕಳೆ ಕಂಡರೆ ಅಡುಗೆಮನೆಯ ಚಾಕು ತೆಗೆದುಕೊಂಡು ಹೋಗಿ ಬೇರುಸಹಿತ ಎಬ್ಬಿಸುತ್ತಿದ್ದ, ಚಾಕು ವಾಪಸು ತರುವುದನ್ನು ಮರೆಯುತ್ತಿದ್ದ.

ಮೊದಲ ಬೋರ್ಡು ಬಂದದ್ದು ಕಾರ್ಖಾನೆಯ ಯೂನಿಯನ್‌ನವರು ಕೇಳಿದರೆಂದು. ಬೋರ್ಡಿನ ತಂತಿಕಾಲು ಹುಲ್ಲಿನಲ್ಲಿ ತೂತು ಬಿಟ್ಟಿತು, ಒಮ್ಮೆ ಯಂತ್ರದ ಅಲಗಿಗೂ ಸಿಕ್ಕಿಕೊಂಡಿತು. ಸ್ಟಾನ್ ಗೊಣಗಿದ, ಬೋರ್ಡಿನ ಸುತ್ತ ಕತ್ತರಿ ಹಿಡಿದು ಮಂಡಿಯೂರಿ ಹುಲ್ಲು ಸವರಿದ. ಅಲ್ಲಿಗೆ ಮುಗಿಯಿತು. ಹುಲ್ಲಿನ ಯಜಮಾನಿಕೆ ಅವನದು, ಬೋರ್ಡಿನ ಯಜಮಾನಿಕೆ ಅವಳದು ಎಂದು ಇಬ್ಬರೂ ಮಾತಿಲ್ಲದೆ ಒಪ್ಪಿಕೊಂಡಂತಾಯಿತು.

ಬರ್ನಡೀನ್‌ಗೂ ಮೊದಲಿಗೆ ಅದೊಂದು ಮೋಜು ಅಷ್ಟೇ. ಮೋಜು ಮುಗಿದದ್ದು ಎಂಬತ್ತಾರನೇ ಇಸವಿಯ ವಸಂತದಲ್ಲಿ. ಎರಡನೇ ತರಗತಿಯ ಮರಿಸೋಲ್ ವೇಗಾ ಎಂಬ ಹುಡುಗಿ, ಪೋರ್ಟೊ ರಿಕೊ ಕಡೆಯವರ ಮಗಳು, ಊಟಕ್ಕೆ ನಿಂತಾಗ ದಿನಾ ಜೋಳದ ಕಾಳು ಬೇಡವೆಂದು ತಲೆಯಾಡಿಸುವವಳು. ಆ ದಿನವೂ ಆಡಿಸಿದ್ದಳು. ಶಾಲೆ ಬಿಟ್ಟ ಮೇಲೆ ಐದು ರಸ್ತೆ ದಾಟುವಾಗ ಮರದ ಹಲಗೆ ತುಂಬಿದ ಲಾರಿಯೊಂದು ಅವಳನ್ನು ಕಾಣಲಿಲ್ಲ. ಬರ್ನಡೀನ್ ತನ್ನ ಬಾಗಿಲ ಬೀಗ ತೆಗೆಯುತ್ತಿದ್ದಳು. ಸದ್ದು ಕೇಳಿ ತಿರುಗಿದಾಗ ಮೊದಲು ಕಂಡದ್ದು ಒಂದು ಶೂ. ಹುಡುಗಿ ಬದುಕಿದಳು. ಎರಡೂ ಕಾಲು ಮುರಿದಿದ್ದವು, ಬಹಳ ತಿಂಗಳು ಆಸ್ಪತ್ರೆಯಲ್ಲಿದ್ದಳು. ಆಮೇಲೆ ಅವರ ಮನೆಯವರು ಊರು ಬಿಟ್ಟು ಹೋದರು.

ಮುಂದಿನ ವರ್ಷ ಚುನಾವಣೆ. ಆಗಿನ ಮೇಯರ್, ಬೋಳುತಲೆಯ ಒಬ್ಬ ವಕೀಲ, ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದು ಬಾಗಿಲು ತಟ್ಟಿದ. ಬರ್ನಡೀನ್ ಅವನನ್ನು ಒಳಗೆ ಕರೆದು ಕೂರಿಸಿ, ಆಕ್ರೋಟು ತುಂಬಿ ಸುತ್ತಿದ ಕೊಲಾಚಿ ಎಂಬ ಸಿಹಿ ರೊಟ್ಟಿಯ ಒಂದು ತುಂಡು ಕೊಯ್ದು ಕೊಟ್ಟಳು.

"ತಿನ್ನಿ. ತಿಂತಾ ಕೇಳಿ. ಈ ರಸ್ತೆ ದಾಟೋಕೆ ಮಕ್ಕಳಿಗೊಂದು ದಾರಿ ಮಾಡಿ ಕೊಡ್ತೀರಾ?"

"ಖಂಡಿತಾ, ಮಿಸೆಸ್ ಹ್ರುಸ್ಕಾ. ನನ್ನ ಮೊದಲನೇ ಕೆಲಸಾನೇ ಅದು."

ಗೆದ್ದ. ರಸ್ತೆಯ ಮೇಲೆ ಬಿಳಿ ಪಟ್ಟೆ ಬಳಿಸಿದ. ಚಳಿಗಾಲ ಮುಗಿಯುವಷ್ಟರಲ್ಲಿ ಹಿಮ ಗುಡಿಸುವ ಗಾಡಿಗಳು ಪಟ್ಟೆಯನ್ನೂ ಸೇರಿಸಿ ಗುಡಿಸಿಕೊಂಡು ಹೋದವು. ಅವನ ನಂತರ ಬಂದವನು ಹಳದಿ ದೀಪ ಹಾಕಿಸಿದ, ಅದು ಕೆಟ್ಟದ್ದೇ ಹೆಚ್ಚು. ಇನ್ನೊಬ್ಬ ಸಮೀಕ್ಷೆ ಮಾಡಿಸಿದ. ಐದು ದಾರಿಗೆ ಸಿಗ್ನಲ್ ಇಟ್ಟರೆ ಕಾರುಗಳ ಸಾಲು ಆಸ್ಪತ್ರೆಯ ಬಾಗಿಲವರೆಗೆ ನಿಲ್ಲುತ್ತದೆ, ಆಂಬುಲೆನ್ಸಿಗೆ ಜಾಗವಿರುವುದಿಲ್ಲ ಎಂದು ವರದಿ ಬಂತು. ನಾಲ್ಕು ನಾಲ್ಕು ವರ್ಷಕ್ಕೊಮ್ಮೆ ಹೊಸ ಮುಖ ಬಂದು ಅದೇ ಕುರ್ಚಿಯಲ್ಲಿ ಕೂರುತ್ತಿತ್ತು, ಬರ್ನಡೀನ್ ಅದೇ ಪ್ರಶ್ನೆ ಕೇಳುತ್ತಿದ್ದಳು. ಯಾರ ಉತ್ತರ ಸ್ವಲ್ಪ ಕಡಿಮೆ ಸುಳ್ಳು ಅನ್ನಿಸುತ್ತದೋ ಅವರ ಬೋರ್ಡು ಮೂಲೆಗೆ. "ನಿನ್ನ ಕೊಲಾಚಿ ತಿಂದು ತಿಂದು ಇವರೆಲ್ಲ ದಪ್ಪ ಆದರೇ ಹೊರತು ರಸ್ತೆ ಅಗಲ ಆಗಲಿಲ್ಲ" ಎಂದು ಸ್ಟಾನ್ ಒಮ್ಮೆ ಹೇಳಿದ. ಅವನ ಮಟ್ಟಿಗೆ ಅದು ದೊಡ್ಡ ಭಾಷಣ.

ಯೊಲಾಂಡಾ ಪ್ರೂಯಿಟ್ ಕಥೆ ಬೇರೆ. ಆಕೆ ಗಾರ್ಡನ್ ಅವೆನ್ಯೂ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದ ಕಪ್ಪು ಹೆಂಗಸು, ಎತ್ತರದ ಆಳು, ಗಟ್ಟಿ ದನಿ. ಬೆಳಿಗ್ಗೆ ಸಂಜೆ ಕಿತ್ತಳೆ ಬಣ್ಣದ ಕೋಟು ತೊಟ್ಟು, ಕೈಯಲ್ಲಿ ಕೆಂಪು ಹಲಗೆ ಹಿಡಿದು ತಾನೇ ಐದು ರಸ್ತೆಯ ನಡುವೆ ನಿಂತು ಮಕ್ಕಳನ್ನು ದಾಟಿಸುತ್ತಿದ್ದಳು. ಮಳೆಯಿರಲಿ, ಸರೋವರದ ಮೇಲಿಂದ ಹಿಮಗಾಳಿ ಬೀಸುತ್ತಿರಲಿ, ಆಕೆ ನಿಂತಿರುತ್ತಿದ್ದಳು. ಬರ್ನಡೀನ್ ಆಕೆಗೆಂದು ಬಿಸಿ ಸೂಪನ್ನು ಬೇರೆ ಎತ್ತಿಡುತ್ತಿದ್ದಳು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಒಬ್ಬಳು 'ಮಿಸೆಸ್ ಹ್ರುಸ್ಕಾ', ಇನ್ನೊಬ್ಬಳು 'ಮಿಸ್ ಪ್ರೂಯಿಟ್'. ಹೆಸರು ಹಿಡಿದು ಕರೆದದ್ದಿಲ್ಲ.

ಬರ್ನಡೀನ್ ನಿವೃತ್ತಳಾದ ಎರಡು ವರ್ಷಕ್ಕೆ ಪ್ರೂಯಿಟ್ ಮೇಯರ್ ಸ್ಥಾನಕ್ಕೆ ನಿಂತಳು. ಬೋರ್ಡು ಕೇಳಲು ಬಂದಾಗ ಬರ್ನಡೀನ್ ಪ್ರಶ್ನೆ ಕೇಳಲಿಲ್ಲ.

"ನಿಮಗೇನು ಹೇಳೋದು? ನೀವೇ ನಡುರಸ್ತೇಲಿ ನಿಂತವರು."

"ಮಾಡೇ ಮಾಡ್ತೀನಿ ಅಂತ ನಾನು ಹೇಳಲ್ಲ, ಮಿಸೆಸ್ ಹ್ರುಸ್ಕಾ" ಎಂದಳು ಪ್ರೂಯಿಟ್. "ಯಾಕೆ ಆಗ್ತಿಲ್ಲ ಅಂತ ಮೊದಲು ತಿಳ್ಕೊಳ್ತೀನಿ."

ಗೆದ್ದಳು. ಮೂರನೇ ವರ್ಷ, ಒಂದು ಮಧ್ಯಾಹ್ನ, ಕಂಕುಳಲ್ಲಿ ಸುತ್ತಿದ ನಕ್ಷೆ ಇಟ್ಟುಕೊಂಡು ಒಬ್ಬಳೇ ಬಂದಳು. ಮೇಜಿನ ಮೇಲೆ ಬಿಡಿಸಿದರೆ ಅದು ಮತ್ತೆ ಸುರುಳಿಯಾಗುತ್ತಿತ್ತು. ಬರ್ನಡೀನ್ ಒಂದು ತುದಿಗೆ ಸಕ್ಕರೆ ಡಬ್ಬಿ, ಇನ್ನೊಂದು ತುದಿಗೆ ತನ್ನ ಮೊಣಕೈ ಇಟ್ಟಳು. ಐದು ರಸ್ತೆಯೂ ಬಂದು ಒಂದು ದೊಡ್ಡ ವೃತ್ತಕ್ಕೆ ಸೇರುತ್ತಿದ್ದವು.

"ಸರ್ಕಲ್" ಎಂದಳು ಪ್ರೂಯಿಟ್. "ಕಾರುಗಳು ನಿಲ್ಲಲ್ಲ, ನಿಧಾನಕ್ಕೆ ಸುತ್ತು ಹಾಕ್ಕೊಂಡು ಹೋಗ್ತವೆ. ಮಕ್ಕಳು ಒಂದು ಸಲಕ್ಕೆ ಒಂದೇ ಕಡೆ ನೋಡಿ ದಾಟಬಹುದು. ಮಧ್ಯ ನಿಂತ್ಕೊಳ್ಳೋಕೆ ಜಾಗ ಇರುತ್ತೆ. ರಾಜ್ಯ ಸರ್ಕಾರ ದುಡ್ಡು ಕೊಡೋಕೆ ಒಪ್ಪಿದೆ."

ಬರ್ನಡೀನ್ ನಕ್ಷೆಯ ಮೇಲೆ ಬಗ್ಗಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಯಾರೋ ಕೇಳಿಸಿಕೊಂಡಿದ್ದರು. ಬೆರಳಿನಿಂದ ಶಾಲೆ ಹುಡುಕಿದಳು, ಪೆಟ್ರೋಲ್ ಬಂಕ್ ಹುಡುಕಿದಳು. "ನಮ್ಮ ಮನೆ ಎಲ್ಲಿ?"

ಪ್ರೂಯಿಟ್ ತೋರಿಸಿದಳು. ಮನೆ ಇತ್ತು. ಮನೆಯ ಮೆಟ್ಟಿಲು ಇತ್ತು. ಮೆಟ್ಟಿಲ ಮುಂದೆ ಕಾಲುದಾರಿ, ಅದರಾಚೆ ವೃತ್ತದ ಅಂಚು.

"ಹುಲ್ಲು?"

"ಮಿಸೆಸ್ ಹ್ರುಸ್ಕಾ, ಬೇರೆಯವರ ಬಾಯಿಂದ ನಿಮಗೆ ಗೊತ್ತಾಗೋದು ಬೇಡ ಅಂತ ನಾನೇ ಬಂದೆ. ಆ ಕಡೆ ಸರಿಸೋಣ ಅಂದ್ರೆ ಬಂಕಿನ ನೆಲದಡಿ ಪೆಟ್ರೋಲ್ ಟ್ಯಾಂಕ್ ಇದೆ. ಈ ಕಡೆ ಶಾಲೆ. ಇಂಜಿನಿಯರುಗಳ ಹತ್ರ ಮೂರು ಸಲ ಬರೆಸಿದೆ. ಮೂರು ಸಲವೂ ನಿಮ್ಮ ಮೂಲೆಗೇ ಬಂತು."

ನೆಲಮಾಳಿಗೆಯಿಂದ ಸ್ಟಾನ್ ಯಾವಾಗ ಮೇಲೆ ಬಂದು ನಿಂತಿದ್ದನೋ ಇಬ್ಬರಿಗೂ ತಿಳಿಯಲಿಲ್ಲ. ಅವರ ಹೆಗಲ ಮೇಲಿಂದ ಬಗ್ಗಿ ನಕ್ಷೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಹಿಂಬಾಗಿಲಿನಿಂದ ಹೊರಗೆ ಹೋದ.

ಮುಂದಿನ ವರ್ಷ ಚುನಾವಣೆ ಬಂತು. ಪ್ರೂಯಿಟ್ ಎದುರು ನಿಂತವನು ಗ್ಯಾರಿ ಡಿಲಿಬರ್ಟೊ. ಟೈರ್ ಅಂಗಡಿಯ ಯಜಮಾನ, ಕೌನ್ಸಿಲ್ ಸದಸ್ಯ, ಎದುರು ಸಿಕ್ಕವರ ಬೆನ್ನು ತಟ್ಟಿಯೇ ಮಾತಾಡುವ ಗಟ್ಟಿಗ. ಅವನ ಇಡೀ ಪ್ರಚಾರವೇ ಆ ಊರು ಹಿಂದೆ ಕಂಡಿರದ ಸರ್ಕಲ್ ವಿರುದ್ಧ. "ನಾವೇನು ಇಂಗ್ಲೆಂಡಿನವರಾ, ಬುಗುರಿ ಥರ ಸುತ್ತೋಕೆ?" ಎಂದು ಸಭೆಯಲ್ಲಿ ಕೇಳಿದರೆ ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಅವನ ಕೆಂಪು ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆದದ್ದು: ನೆಟ್ಟಗೆ ಹೋಗೋಣ.

ಅವನು ಮೂಲೆಮನೆಗೆ ಬಂದದ್ದು ಸೆಪ್ಟೆಂಬರಿನ ಒಂದು ಶನಿವಾರ. ಬರ್ನಡೀನ್ ಎಲೆಕೋಸಿನಲ್ಲಿ ಮಾಂಸ ಸುತ್ತುತ್ತಿದ್ದಳು. ಡಿಲಿಬರ್ಟೊ ಅವಳಿಗೊಂದು ನಮಸ್ಕಾರ ಹಾಕಿ ಕುರ್ಚಿಯನ್ನು ಸ್ಟಾನ್ ಕಡೆಗೆ ತಿರುಗಿಸಿ ಕೂತ.

"ಸ್ಟಾನ್, ನಾನು ಬಳಸಿ ಮಾತಾಡೋನಲ್ಲ. ನನ್ನ ಗೆಲ್ಲಿಸಿ, ನಿಮ್ಮ ಹುಲ್ಲಿನ ಒಂದು ಎಸಳೂ ಯಾರೂ ಮುಟ್ಟಲ್ಲ. ನಮ್ಮಪ್ಪನೂ ಹೀಗೇ ಹುಲ್ಲು ಬೆಳೆಸ್ತಿದ್ದ. ಅದರ ಬೆಲೆ ನನಗೆ ಗೊತ್ತು."

"ಎಲ್ಲಿ ನೆಡ್ತೀಯ?" ಎಂದ ಸ್ಟಾನ್.

ಬರ್ನಡೀನ್ ಕೈ ಒರೆಸಿಕೊಳ್ಳುತ್ತ ತಿರುಗಿದಳು. "ಏನು ನೆಡೋದು? ಬೋರ್ಡಿನ ವಿಷಯ ಈ ಮನೇಲಿ ಯಾರನ್ನ ಕೇಳಬೇಕು?"

"ಬೋರ್ಡು ನಿಂದು" ಎಂದ ಸ್ಟಾನ್. "ಹುಲ್ಲು ನಂದು."

ಡಿಲಿಬರ್ಟೊ ಬುದ್ಧಿವಂತ. ಬೋರ್ಡನ್ನು ಬಾಗಿಲ ಪಕ್ಕ ಒರಗಿಸಿಟ್ಟು, ಕೊಲಾಚಿಯನ್ನೂ ಕೇಳದೆ ಜಾಗ ಖಾಲಿ ಮಾಡಿದ.

ಆ ದಿನದ ಜಗಳದಂಥದ್ದು ಆ ಮನೆಯಲ್ಲಿ ಹಿಂದೆ ನಡೆದಿರಲಿಲ್ಲ. ಕೂಗಾಟವಿಲ್ಲ. ಅವಳು ಎಲೆಕೋಸು ಸುತ್ತುತ್ತಲೇ ಇದ್ದಳು, ಅವನು ಕಿಟಕಿಯ ಹೊರಗೆ ನೋಡುತ್ತಲೇ ಇದ್ದ.

"ನಿನ್ನ ಕಣ್ಣೆದುರೇ ಅಲ್ವಾ ನಾನು ಇಷ್ಟು ವರ್ಷ ಕೇಳಿದ್ದು? ಒಬ್ಬರಾದ ಮೇಲೆ ಒಬ್ಬರನ್ನ? ಈಗ ಒಬ್ಬಳು ಮಾಡ್ತೀನಿ ಅಂತ ಬಂದ್ರೆ ಬೇಡ ಅನ್ಲಾ?"

"ಮಾಡಲಿ. ನಾನು ಬೇಡ ಅಂದ್ನಾ? ನನ್ನ ಹುಲ್ಲೇ ಆಗಬೇಕಾ?"

"ಬಂಕಿನ ಕೆಳಗೆ ಟ್ಯಾಂಕ್ ಇದೆ ಕಣೋ."

"ಬಂಕಿನೋನಿಗೆ ಟ್ಯಾಂಕ್ ಇದೆ, ಶಾಲೆಗೆ ಗೋಡೆ ಇದೆ. ಸ್ಟಾನ್ ಹತ್ರ ಏನಿದೆ? ಬರೀ ಹುಲ್ಲು. ಕಿತ್ಕೊಳ್ಳಿ ಅದನ್ನ." ಆಮೇಲೆ ಮೆಲ್ಲಗೆ ಹೇಳಿದ, "ಆ ಹುಡುಗೀನ ರಸ್ತೆಯಿಂದ ಎತ್ತಿದಾಗ ನಾನೂ ಇದ್ದೆ ಬರ್ನಿ. ನಾನೇನು ಕಲ್ಲಲ್ಲ."

"ಹಾಗಾದ್ರೆ?"

"ಹಾಗಾದ್ರೂ ಅಷ್ಟೇ. ಅದು ನನ್ನ ಹುಲ್ಲು."

ಅವಳಿಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ ಅದರ ಅಡಿಯಲ್ಲಿ ಇನ್ನೊಂದು ಮಾತು ಕುಟುಕುತ್ತಿತ್ತು. ಇಷ್ಟು ಚುನಾವಣೆಗಳಲ್ಲಿ ಬೋರ್ಡು ನೆಡುವಾಗ ಅವನನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಅವನು ಮಂಡಿಯೂರಿ ಸುತ್ತಲಿನ ಹುಲ್ಲು ಸವರುತ್ತಿದ್ದ. ಅದನ್ನು ಒಪ್ಪಿಗೆಯೆಂದು ಅವಳು ಅಂದುಕೊಂಡಿದ್ದಳು.

ಬೆಳಿಗ್ಗೆ ಎದ್ದು ನೋಡಿದರೆ ಶಾಲೆಯ ಕಡೆಯ ಅಂಚಿನಲ್ಲಿ ಕೆಂಪು ಬೋರ್ಡು ನಿಂತಿತ್ತು. ಬರ್ನಡೀನ್ ಕಾಫಿ ಕುಡಿದು ಮುಗಿಸಿ, ಗ್ಯಾರೇಜಿನಿಂದ ಸುತ್ತಿಗೆ ತಂದು, ಆಸ್ಪತ್ರೆಯ ಕಡೆಯ ಅಂಚಿನಲ್ಲಿ ಪ್ರೂಯಿಟಳ ನೀಲಿ ಬೋರ್ಡು ನೆಟ್ಟಳು. ಸ್ಟಾನ್ ಕಿಟಕಿಯಿಂದ ನೋಡುತ್ತಿದ್ದ. "ನೆಟ್ಟಗೆ ಹೊಡಿ, ಓರೆ ಆಗಿದೆ" ಎಂದು ಕೂಗಿದ. ಅವಳು ಸರಿಮಾಡಿದಳು.

ಊರಿಗೆ ಅಷ್ಟು ಸಾಕಾಯಿತು. ಸ್ಥಳೀಯ ಪತ್ರಿಕೆಯವರು ಬಂದು ಎರಡೂ ಬೋರ್ಡಿನ ಫೋಟೋ ಹಿಡಿದು ಮೊದಲ ಪುಟದಲ್ಲಿ ಹಾಕಿದರು. ಕಾರಿನವರು ಸುಮ್ಮನೆ ಹೋಗುವುದನ್ನು ಬಿಟ್ಟರು. ಪ್ರೂಯಿಟ್ ಕಡೆಯವರು ಒಂದು ಸಲ ಹಾರನ್ ಹೊಡೆದರೆ ಡಿಲಿಬರ್ಟೊ ಕಡೆಯವರು ಎರಡು ಸಲ. ಮಧ್ಯಾಹ್ನದ ನಿದ್ದೆ ಇಬ್ಬರಿಗೂ ಹೋಯಿತು. ಸ್ಟಾನ್‌ನ ತಂಗಿ ಐರೀನ್ ದಿನಾ ಫೋನ್ ಮಾಡಿ, "ಏನತ್ತಿಗೆ, ಡಿವೋರ್ಸ್ ಯಾವಾಗ? ನನಗೆ ಆ ಹಸಿರು ಸೋಫಾ ಬೇಕು, ಈಗಲೇ ಹೇಳಿಟ್ಟಿದ್ದೀನಿ" ಎನ್ನುತ್ತಿದ್ದಳು. ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಪಾದ್ರಿಗಳು ಸ್ಟಾನ್‌ನ ಕೈ ಹಿಡಿದುಕೊಂಡು, "ಮನೆಯಲ್ಲಿ ಎಲ್ಲ ಸರಿ ತಾನೇ?" ಎಂದು ಕೇಳಿದರು. "ಊಟ ಹಾಕ್ತಾಳೆ ಫಾದರ್" ಎಂದ ಸ್ಟಾನ್.

ಊಟ ಹಾಕುತ್ತಿದ್ದಳು ನಿಜ. ಮಾತು ಮಾತ್ರ ಉಪ್ಪು ಕೊಡು, ಬಾಗಿಲು ಹಾಕು ಎಂಬಷ್ಟಕ್ಕೆ ಇಳಿದಿತ್ತು.

ಅಕ್ಟೋಬರಿನ ಕೊನೆಗೆ ಸರೋವರದ ಕಡೆಯಿಂದ ಭಾರಿ ಗಾಳಿ ಎದ್ದಿತು. ಬೆಳಗಾಗುವಷ್ಟರಲ್ಲಿ ಸ್ಟಾನ್‌ನ ಕೆಂಪು ಬೋರ್ಡು ಕಿತ್ತು ಪಕ್ಕದ ಮನೆಯ ಬೇಲಿಯಲ್ಲಿ ಸಿಕ್ಕಿಕೊಂಡಿತ್ತು. ನೀಲಿ ಬೋರ್ಡು ಅಲುಗದೆ ನಿಂತಿತ್ತು. ಸ್ಟಾನ್ ಮಂಡಿನೋವಿಗೆ ಡಾಕ್ಟರ ಹತ್ತಿರ ಹೋಗಿದ್ದ. ಬರ್ನಡೀನ್ ಕಿಟಕಿಯಲ್ಲಿ ನಿಂತು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಕೋಟು ಹಾಕಿಕೊಂಡು ಹೋಗಿ ಕೆಂಪು ಬೋರ್ಡನ್ನು ಬೇಲಿಯಿಂದ ಬಿಡಿಸಿ, ತಂತಿಕಾಲನ್ನು ಪಾದದಿಂದ ಒತ್ತಿ ನೆಟ್ಟಗೆ ಮಾಡಿ, ಹಳೆಯ ತೂತಿಗೇ ಇಳಿಸಿದಳು. ಪಕ್ಕದ ಮನೆಯ ಹೆಕ್ಟರ್ ಕೊಲೋನ್ ಕಸದ ಡಬ್ಬಿ ಎಳೆದುಕೊಂಡು ಬಂದವನು ನೋಡಿಬಿಟ್ಟ.

"ಪಕ್ಷ ಬದಲಾಯಿಸಿಬಿಟ್ರಾ, ಬರ್ನಿ?"

"ಬಾಯಿ ಮುಚ್ಚು ಹೆಕ್ಟರ್. ನಂದೊಂದೇ ನಿಂತಿದ್ರೆ ಅವಂದನ್ನ ನಾನೇ ಕಿತ್ತೆ ಅಂತ ಊರೆಲ್ಲ ಹೇಳ್ತಾರೆ."

ಅದು ನಿಜವೂ ಹೌದು. ಅಷ್ಟೇ ಅಲ್ಲ ಎಂಬುದೂ ನಿಜ. ಹೆಕ್ಟರ್ ಸುಮ್ಮನಿರುವವನಲ್ಲ, ಸಂಜೆಯೊಳಗೆ ಸ್ಟಾನ್‌ಗೆ ಹೇಳಿದ. ಊಟವಾದ ಮೇಲೆ ಸ್ಟಾನ್ ಪಾತ್ರೆ ಒರೆಸಲು ಬಟ್ಟೆ ತೆಗೆದುಕೊಂಡು ಅವಳ ಪಕ್ಕ ಬಂದು ನಿಂತ.

ಮತದಾನದ ದಿನ ಇಬ್ಬರೂ ಒಟ್ಟಿಗೇ ಚರ್ಚಿನ ನೆಲಮಾಳಿಗೆಯ ಮತಗಟ್ಟೆಗೆ ನಡೆದು ಹೋದರು. ಸ್ಟಾನ್ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯುತ್ತ, "ನಿನ್ನ ವೋಟು ನನ್ನ ವೋಟನ್ನ ತಿನ್ನುತ್ತೆ, ನಂದು ನಿಂದನ್ನ ತಿನ್ನುತ್ತೆ. ಮನೇಲೇ ಕೂತಿದ್ರೆ ಕಾಲಾದ್ರೂ ಉಳೀತಿತ್ತು" ಎಂದ.

"ಹಾಗಾದ್ರೆ ನೀನು ವಾಪಸ್ ಹೋಗು" ಎಂದಳು ಬರ್ನಡೀನ್. ಸಾಲಿನಲ್ಲಿ ಮುಂದೆ ನಿಂತಿದ್ದವರು ತಿರುಗಿ ನೋಡಿ ನಕ್ಕರು.

ಡಿಲಿಬರ್ಟೊ ಗೆದ್ದ. ಬಹಳ ಅಂತರವೇನಲ್ಲ, ಆದರೆ ಗೆದ್ದ. ಟೀವಿಯಲ್ಲಿ ಅವನು ಎರಡೂ ಕೈ ಎತ್ತಿ ಕುಣಿಯುತ್ತಿದ್ದುದನ್ನು ಸ್ಟಾನ್ ಒಂದು ನಿಮಿಷ ನೋಡಿ ಆರಿಸಿದ. ಕುಣಿಯಲಿಲ್ಲ, ಹೆಂಡತಿಯನ್ನು ಅಣಕಿಸಲಿಲ್ಲ. ಬರ್ನಡೀನ್ ಮರುದಿನ ಪ್ರೂಯಿಟಳಿಗೆ ಫೋನ್ ಮಾಡಿದಳು. "ಸೂಪ್ ಮಾಡಿದ್ದೀನಿ" ಎಂದಳು. "ಇವತ್ತು ಬೇಡ, ಮಿಸೆಸ್ ಹ್ರುಸ್ಕಾ. ಇವತ್ತು ಮಲಗಿರ್ತೀನಿ" ಎಂದಳು ಪ್ರೂಯಿಟ್.

ಚಳಿಗಾಲ ಕಳೆಯಿತು. ಹಿಮ ಕರಗಿ ಹುಲ್ಲು ಮತ್ತೆ ತಲೆಯೆತ್ತಿತು, ಸ್ಟಾನ್ ಯಂತ್ರದ ಅಲಗು ಸಾಣೆ ಹಿಡಿಸಿ ತಂದ. ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ತಲೆಗೆ ಗಟ್ಟಿ ಟೋಪಿ ಹಾಕಿಕೊಂಡ ಇಬ್ಬರು ಬಂದು ಹುಲ್ಲಿನ ಮೇಲೆ ಮರದ ಗೂಟ ಹೊಡೆದು, ಪ್ರತಿ ಗೂಟಕ್ಕೂ ಗುಲಾಬಿ ಬಣ್ಣದ ರಿಬ್ಬನ್ ಕಟ್ಟತೊಡಗಿದರು. ಸ್ಟಾನ್ ಚಪ್ಪಲಿಯಲ್ಲೇ ಓಡಿದ.

"ಏನಪ್ಪಾ ಇದು?"

"ಸರ್ಕಲ್ ಬರುತ್ತಲ್ಲ, ಅದಕ್ಕೆ ಗುರುತು."

"ಸರ್ಕಲ್ ಬರಲ್ಲ. ಚುನಾವಣೆ ಆಯ್ತಲ್ಲ!"

ಗಟ್ಟಿ ಟೋಪಿಯವನು ಹೆಗಲು ಕುಣಿಸಿದ. "ಅದು ನನಗೆ ಗೊತ್ತಿಲ್ಲ ತಾತ. ನನಗೆ ಗೂಟ ಹೊಡಿ ಅಂದ್ರು."

ಸ್ಟಾನ್ ಟೈ ಕಟ್ಟಿಕೊಂಡು ಮೇಯರ್ ಕಚೇರಿಗೆ ಹೋದ. ಮದುವೆ, ಸಾವು ಬಿಟ್ಟರೆ ಅವನು ಟೈ ಕಟ್ಟಿದವನಲ್ಲ. ಮಧ್ಯಾಹ್ನ ಕಳೆದು ಹಿಂತಿರುಗಿದ. ಬರ್ನಡೀನ್ ಕಾಫಿ ಸುರಿದಳು.

"ಪ್ರೂಯಿಟ್ ಹೋಗೋಕೆ ಮುಂಚೆನೇ ಸಹಿ ಆಗಿತ್ತಂತೆ. ಈಗ ಬೇಡ ಅಂದ್ರೆ ರಾಜ್ಯದವರ ದುಡ್ಡು ವಾಪಸ್ ಕೊಟ್ಟು, ಮೇಲಿಂದ ದಂಡ ಬೇರೆ ಕಟ್ಟಬೇಕಂತೆ. 'ಕೈ ಕಟ್ಟಿ ಹಾಕಿದ್ದಾರೆ ಸ್ಟಾನ್' ಅಂದ ಗ್ಯಾರಿ." ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನನ್ನ ಬೆನ್ನು ತಟ್ಟಿದ ಬರ್ನಿ. ಬಾಗಿಲ ತನಕ ತಟ್ತಾನೇ ಬಂದ."

ತಾನು ಗೆದ್ದೆ ಎಂದು ಅವಳಿಗೆ ಆಗ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅವನ ಟೈ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು.

ಹುಲ್ಲು ಎತ್ತುವ ಯಂತ್ರ ಬಂದ ದಿನ ಸ್ಟಾನ್ ಮೆಟ್ಟಿಲ ಮೇಲೆ ಕೂತಿದ್ದ. ಯಂತ್ರದವಳು ನಡುವಯಸ್ಸಿನ ಹೆಂಗಸು, ಕೆಲಸ ಶುರು ಮಾಡುವ ಮೊದಲು ಇಳಿದು ಬಂದು ಹುಲ್ಲನ್ನು ಕೈಯಿಂದ ಸವರಿ ನೋಡಿದಳು. "ಇಂಥದ್ದನ್ನ ಲಾರಿಗೆ ತುಂಬಿ ಗುಂಡಿಗೆ ಸುರಿಯೋಕೆ ಮನಸ್ಸು ಬರಲ್ಲ" ಎಂದಳು. "ಪಟ್ಟಿ ಪಟ್ಟಿಯಾಗಿ ಕೊಯ್ದು ಕೊಡ್ಲಾ? ಸುತ್ತಿಕೊಂಡು ಬೇರೆ ಕಡೆ ಹಾಸಬಹುದು."

ಸ್ಟಾನ್‌ಗೆ ಹಿತ್ತಿಲಲ್ಲಿ ಜಾಗವಿರಲಿಲ್ಲ, ಅಲ್ಲಿ ಗ್ಯಾರೇಜು. ಅವನು ಬೇಲಿಯಾಚೆ ನೋಡಿದ. ಹೆಕ್ಟರನ ಅಂಗಳದಲ್ಲಿ ಮಣ್ಣು, ಕಳೆ, ಒಂದು ಮುರಿದ ಸೈಕಲ್ಲು. ಆ ಮಧ್ಯಾಹ್ನವೆಲ್ಲ ಹುಲ್ಲಿನ ಸುರುಳಿಗಳನ್ನು ತಳ್ಳುಗಾಡಿಯಲ್ಲಿ ಹೇರಿ ಬೇಲಿಯಾಚೆ ಸಾಗಿಸಿದರು. ಸ್ಟಾನ್ ತಳ್ಳುತ್ತಿದ್ದ, ಬರ್ನಡೀನ್ ಗಾಡಿ ವಾಲದ ಹಾಗೆ ಪಕ್ಕದಲ್ಲಿ ಹಿಡಿದುಕೊಂಡಿದ್ದಳು, ಹೆಕ್ಟರ್ ಮಣ್ಣು ಕೆದಕಿ ಹಾಸುತ್ತಿದ್ದ. ಮುಗಿಯುವಷ್ಟರಲ್ಲಿ ಮೂವರ ಬೆನ್ನೂ ಹಿಡಿದುಕೊಂಡಿತ್ತು. "ದಿನಾ ನೀರು ಹಾಕಬೇಕು" ಎಂದು ಸ್ಟಾನ್ ಹೆಕ್ಟರ್‌ಗೆ ಬೆರಳು ತೋರಿಸಿ ಎಚ್ಚರಿಸಿದ. ಹೆಕ್ಟರ್ ಮೂರು ವಾರ ಹಾಕಿದ, ಆಮೇಲೆ ಮರೆತ. ಒಂದು ಮೂಲೆಯಲ್ಲಿ ಮಾತ್ರ ಹುಲ್ಲು ಹಿಡಿಯಿತು.

ಸರ್ಕಲ್ ಮುಗಿದದ್ದು ಅಕ್ಟೋಬರಿನಲ್ಲಿ. ಮೇಯರ್ ಡಿಲಿಬರ್ಟೊ ದೊಡ್ಡ ಕತ್ತರಿ ಹಿಡಿದು ರಿಬ್ಬನ್ ಕತ್ತರಿಸಲು ಬಂದ. ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. "ನಮ್ಮ ಮಕ್ಕಳ ಜೀವಕ್ಕಿಂತ ದೊಡ್ಡದು ನನಗೆ ಯಾವುದೂ ಇಲ್ಲ" ಎಂದು ಅವನು ಮೈಕಿನಲ್ಲಿ ಹೇಳುತ್ತಿದ್ದಾಗ ಗುಂಪಿನ ಹಿಂದಿನಿಂದ ಸ್ಟಾನ್‌ನ ದನಿ ಬಂತು. ಅವನ ದನಿ ಅಷ್ಟು ಎತ್ತರಕ್ಕೆ ಹೋಗುತ್ತದೆಂದು ಬರ್ನಡೀನ್‌ಗೂ ಗೊತ್ತಿರಲಿಲ್ಲ.

"ಗ್ಯಾರೀ! ನೆಟ್ಟಗೆ ಹೋಗೋಣ ಅಂದೋನು, ಈಗ ನೀನೇ ಸುತ್ತು ಹೊಡೀತಿದ್ದೀಯಲ್ಲೋ!"

ಜನ ಗೊಳ್ಳೆಂದರು. ಪೊಲೀಸಿನವನೂ ಮುಖ ತಿರುಗಿಸಿ ನಕ್ಕ. ಡಿಲಿಬರ್ಟೊ ತಾನೂ ನಕ್ಕು, "ಸ್ಟಾನ್ ನನ್ನ ಹಳೇ ಸ್ನೇಹಿತ" ಎಂದು ರಿಬ್ಬನ್ ಕತ್ತರಿಸಿದ.

ಪೆಟ್ರೋಲ್ ಬಂಕಿನ ಹತ್ತಿರ, ಗುಂಪಿನಿಂದ ದೂರ, ಪ್ರೂಯಿಟ್ ನಿಂತಿದ್ದಳು. ಯಾರೂ ಅವಳನ್ನು ಕರೆದಿರಲಿಲ್ಲ. ಬರ್ನಡೀನ್ ಹೊಸ ಪಟ್ಟೆಯ ಮೇಲೆ ದಾಟಿ ಹೋಗಿ ಅವಳ ತೋಳು ಹಿಡಿದು ಮನೆಗೆ ಕರೆತಂದಳು. ಸ್ಟಾನ್ ಆಗಲೇ ಅಡುಗೆಮನೆಯಲ್ಲಿ ಕೂತಿದ್ದ. ಬರ್ನಡೀನ್ ಮೂವರಿಗೂ ಕಾಫಿ ಸುರಿದು ಕೊಲಾಚಿ ಇಟ್ಟಳು.

"ಮಿಸ್ಟರ್ ಹ್ರುಸ್ಕಾ, ನಿಮ್ಮ ಹುಲ್ಲಿನ ವಿಷಯ ನನಗೆ ಬೇಜಾರಿದೆ" ಎಂದಳು ಪ್ರೂಯಿಟ್.

"ಒಳ್ಳೇ ಹುಲ್ಲಾಗಿತ್ತು."

"ಗೊತ್ತು. ಬೆಳಿಗ್ಗೆ ಹಲಗೆ ಹಿಡಿದು ನಿಂತಾಗ ನೋಡೋಕೆ ಇದ್ದಿದ್ದೇ ಅದೊಂದು."

ಸ್ಟಾನ್ ತಲೆಯೆತ್ತಿ ಅವಳನ್ನು ನೋಡಿದ. "ನಾನು ನಿಮಗೆ ವೋಟು ಹಾಕಲಿಲ್ಲ" ಎಂದ.

"ಬೋರ್ಡು ನೋಡಿದ್ದೆ" ಎಂದಳು ಅವಳು.

"ಆದ್ರೂ ನೀವು ಬಂದು ಮುಖದ ಮೇಲೆ ಹೇಳಿದ್ರಿ. ಅವನು ಗೂಟ ಕಳಿಸಿದ." ಅಷ್ಟು ಹೇಳಿ ಎದ್ದು, ಕೊಲಾಚಿಯ ತಟ್ಟೆಯನ್ನು ಅವಳ ಕಡೆಗೆ ತಳ್ಳಿ, ನೆಲಮಾಳಿಗೆಗೆ ಇಳಿದು ಹೋದ.

ಮುಂದಿನ ಮೇಯರ್ ಚುನಾವಣೆಗೆ ಮೂಲೆಮನೆಯ ಬಾಗಿಲನ್ನು ಯಾರೂ ತಟ್ಟಲಿಲ್ಲ. ಮೆಟ್ಟಿಲ ಮುಂದೆ ಉಳಿದದ್ದು ಕಾಲುದಾರಿ, ಅಲ್ಲಿ ಬೋರ್ಡು ನೆಡುವಂತಿಲ್ಲ. ಕಾರುಗಳೂ ಈಗ ನಿಲ್ಲುತ್ತಿರಲಿಲ್ಲ, ಸುತ್ತಿಕೊಂಡು ಹೋಗುವ ಭರದಲ್ಲಿ ಯಾರಿಗೂ ಆ ಕಡೆ ನೋಡಲು ಪುರುಸೊತ್ತಿರಲಿಲ್ಲ. ಸೆಪ್ಟೆಂಬರ್ ಬಂದರೆ ಬರ್ನಡೀನ್‌ಗೆ ಕೈ ಕಟ್ಟಿದ ಹಾಗಾಗುತ್ತಿತ್ತು. ಕೆಲವು ಮಧ್ಯಾಹ್ನ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಶಾಲೆ ಬಿಡುವುದನ್ನು ನೋಡುತ್ತಿದ್ದಳು. ಮಕ್ಕಳು ತಳ್ಳಾಡಿಕೊಂಡು ಬಂದು ಪಟ್ಟೆಯ ಅಂಚಿನಲ್ಲಿ ನಿಲ್ಲುವರು, ಕಾರು ನಿಧಾನವಾಗುವುದು, ನಡುವಿನ ದಿಬ್ಬದವರೆಗೆ ಓಡುವರು, ಮತ್ತೆ ನಿಲ್ಲುವರು, ಮತ್ತೆ ಓಡುವರು. ಯಾರಿಗೂ ಏನೂ ಆಗುತ್ತಿರಲಿಲ್ಲ. ಅದನ್ನೇ ಅವಳು ನೋಡುತ್ತಿದ್ದಳು.

ಬದಲಾದವನು ಸ್ಟಾನ್. ಸರ್ಕಲ್ ಬಂದ ಮೇಲೆ ಹಿಮ ಗುಡಿಸುವ ಗಾಡಿ ಸುತ್ತು ಹಾಕುವಾಗ ಹಿಮವನ್ನೆಲ್ಲ ಅವರ ಗ್ಯಾರೇಜಿನ ದಾರಿಗೆ ತಳ್ಳುತ್ತಿತ್ತು. ಅದನ್ನು ಹೇಳಲೆಂದು ಒಂದು ಸೋಮವಾರ ಕೌನ್ಸಿಲ್ ಸಭೆಗೆ ಹೋದ. ಸಾರ್ವಜನಿಕರಿಗೆ ಮಾತಾಡಲು ಮೂರು ನಿಮಿಷ ಕೊಡುತ್ತಾರೆ. ಮೊದಲ ಸಲ ಅವನು ಹೆಸರು ಹೇಳುವುದರಲ್ಲೇ ಅರ್ಧ ಸಮಯ ಕಳೆದ. ಮುಂದಿನ ಸಭೆಗೂ ಹೋದ. ಹಿಮ ಮುಗಿದ ಮೇಲೆ ಚರಂಡಿ, ಚರಂಡಿಯ ನಂತರ ಬೀದಿದೀಪ. ಅವನು ಎದ್ದು ಮೈಕಿನ ಕಡೆ ಹೊರಟರೆ ಸದಸ್ಯರು ಕುರ್ಚಿಯಲ್ಲಿ ಹಿಂದಕ್ಕೆ ಒರಗುತ್ತಿದ್ದರು. ಬರ್ನಡೀನ್ ಮನೆಯಲ್ಲಿ ಕೂತು ಊರಿನ ಚಾನಲ್‌ನಲ್ಲಿ ಅದನ್ನು ನೋಡುತ್ತಿದ್ದಳು.

ಕಳೆದ ಮಾರ್ಚಿನ ಒಂದು ಸಭೆಯಲ್ಲಿ ಅವನು ಆಸ್ಪತ್ರೆ ರಸ್ತೆಯ ಬಸ್ ನಿಲ್ದಾಣಕ್ಕೆ ಸೂರಿಲ್ಲದ ಬಗ್ಗೆ ಮಾತಾಡಿದ. ಸ್ಟಾನ್‌ಗೆ ಕಾರಿದೆ, ಅವನು ಬಸ್ಸು ಹತ್ತುವವನೇ ಅಲ್ಲ. ಆಸ್ಪತ್ರೆಗೆ ಹೋಗುವ ಮುದುಕರು ಮಳೆಯಲ್ಲಿ ನಿಂತಿರುವುದನ್ನು ಕಿಟಕಿಯಿಂದ ನೋಡಿದ್ದನಂತೆ. ಸಭೆ ಮುಗಿಸಿ ಮನೆಗೆ ಬಂದು ಕೋಟು ತೆಗೆಯುತ್ತ ಕೇಳಿದ, "ಹೆಂಗಿತ್ತು?"

"ಟೈ ಓರೆಯಾಗಿತ್ತು. ಏನಂದ್ರು?"

"ಮುಂದಿನ ಬಜೆಟ್‌ನಲ್ಲಿ ನೋಡ್ತೀವಿ ಅಂದ್ರು."

ಬರ್ನಡೀನ್ ಟೀವಿ ಆರಿಸಿ ಅವನ ಎದುರಿನ ಕುರ್ಚಿಯಲ್ಲಿ ಬಂದು ಕೂತಳು. "ಅವರು ಹಾಗಂದ ಕೂಡಲೇ ನೀನು ಥ್ಯಾಂಕ್ಸ್ ಹೇಳಿ ಇಳಿದುಬಿಟ್ಟೆ. ಇಳಿಯಬಾರದು ಕಣೋ. ಯಾವ ತಿಂಗಳು, ಯಾರು ನೋಡ್ತೀರಿ ಅಂತ ಕೇಳಬೇಕು. ಹೆಸರು ಹೇಳೋ ತನಕ ಮೈಕ್ ಬಿಡಬಾರದು."

"ಮೂರೇ ನಿಮಿಷ ಬರ್ನಿ."

"ಮುಂದಿನ ಸೋಮವಾರ ನಾನೂ ಬರ್ತೀನಿ" ಎಂದಳು. "ನಂದೂ ಮೂರು ನಿಮಿಷ ಇರುತ್ತಲ್ಲ."

ಸ್ಟಾನ್ ಸ್ವಲ್ಪ ಯೋಚಿಸಿ, ನೀಲಿ ಕೋಟು ಹಾಕಿಕೋ, ಸಭೆಯ ಕೋಣೆ ತಣ್ಣಗಿರುತ್ತದೆ ಎಂದ.